ಸೈನ್ಯಕ್ಕೇ ಅನ್ನ ಹೊತ್ತವರು
ಅಮೆರಿಕದ ಪಶ್ಚಿಮಕ್ಕೆ ಬಂಡಿ ಕಟ್ಟಿಕೊಂಡು ಹೊರಟ ವಲಸಿಗರಿಗೆ ಅಲ್ಲಿನ ಸೈನ್ಯ ಕೆಲವೊಮ್ಮೆ ಬೆಂಗಾವಲು ಕೊಡುತ್ತಿತ್ತು. ನಮ್ಮ ದಖ್ಖನಿನಲ್ಲಿ ಲೆಕ್ಕ ಉಲ್ಟಾ: ಲಂಬಾಣಿಗರ ಹೇರೆತ್ತಿನ ಸಾಲುಗಳೇ ಸೈನ್ಯವನ್ನು ಸಾಕುತ್ತಿದ್ದವು. 1799ರಲ್ಲಿ ಶ್ರೀರಂಗಪಟ್ಟಣಕ್ಕೆ ನಡೆದ ಇಂಗ್ಲಿಷರ ದಂಡೂ ಅವರ ಧಾನ್ಯವನ್ನು ನೆಚ್ಚಿತ್ತು. ನಾಯಕನ ಮಾತಿನಂತೆ ತಾಂಡಾ, ಅಂದರೆ ಅವರ ತಂಡ, ನಡೆಯುತ್ತಿತ್ತು. ಬೀಡು ಬಿಟ್ಟಲ್ಲಿ ಗೋಣಿಗಳನ್ನೇ ಗೋಡೆಯಾಗಿ ಒಟ್ಟಿ, ನಾಯಿಗಳನ್ನು ಕಾವಲಿಗೆ ಬಿಡುತ್ತಿದ್ದರು. ಸರಕೇ ಕೋಟೆಯಾಗುವ ಆ ಜಾಣ್ಮೆಗೆ ನನ್ನದೊಂದು ಸಲಾಮು.

1874ರಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ನಿಜಾಮರ ರೈಲು ಓಡಿತು. ಹೇರೆತ್ತುಗಳ ಕಾಲ ಮುಗಿಯುತ್ತ ಬಂತು. ಚಿಂಚೋಳಿ, ಸೇಡಂ, ಚಿತ್ತಾಪುರದ ಕಡೆ ತಾಂಡಾಗಳು ನೆಲೆ ನಿಂತವು. ಆ ನೆಲೆಗಳ ಹಕ್ಕುಪತ್ರ ಸಾವಿರಾರು ಕುಟುಂಬಗಳಿಗೆ ಸಿಕ್ಕಿದ್ದು 2023ರ ಜನವರಿಯಲ್ಲಿ, ಸೇಡಂ ತಾಲ್ಲೂಕಿನ ಮಳಖೇಡದ ಸಮಾರಂಭದಲ್ಲಿ.