ಉಟ್ಟ ಬಟ್ಟೆಗೊಂದು ಬೆಲೆ ಚೀಟಿ

ಆಪ್ ಶಾಪ್‌ಗೆ ಸಾಮಾನ್ಯವಾಗಿ ಎರಡು ಬಾಗಿಲು. ಮುಂದಿನದು ಕೊಳ್ಳುವವರಿಗೆ, ಹಿಂದಿನದು ಕೊಡುವವರಿಗೆ. ನಮ್ಮವರು ಈ ದೇಶದಲ್ಲಿ ಎಷ್ಟು ಬೇರು ಬಿಟ್ಟಿದ್ದಾರೆ ಅನ್ನೋದನ್ನ, ಅವರು ಯಾವ ಬಾಗಿಲಿಗೆ ಹೋಗ್ತಾರೆ ಅನ್ನೋದರ ಮೇಲೇ ಹೇಳಬಹುದು. ಓದೋಕೆ ಬಂದ ಮೊದಲ ಚಳಿಗಾಲದಲ್ಲಿ ಒಂದು ಜಾಕೆಟ್, ಅನ್ನ ಮಾಡೋಕೆ ಒಂದು ದಪ್ಪ ತಳದ ಪಾತ್ರೆ, ಮೇಜಿಗೊಂದು ದೀಪ: ಮುಂದಿನ ಬಾಗಿಲು. ಕೆಲಸ ಸಿಕ್ಕಿ, ಪಿಆರ್ ಬಂದು, ರೌಸ್ ಹಿಲ್‌ನಲ್ಲೋ ಬಾಕ್ಸ್ ಹಿಲ್‌ನಲ್ಲೋ ನಾಲ್ಕು ಬೆಡ್‌ರೂಮಿನ ಮನೆಯಾದ ಮೇಲೆ, ಕಾರಿನ ಡಿಕ್ಕಿ ತುಂಬ ಚೀಲಗಳು: ಹಿಂದಿನ ಬಾಗಿಲು. ಆಮೇಲೆ ಇಲ್ಲೇ ಹುಟ್ಟಿದ ಮಗಳು ಹದಿನಾರಕ್ಕೆ ಕಾಲಿಟ್ಟು, "ಫ್ರೆಂಡ್ಸ್ ಜೊತೆ ಥ್ರಿಫ್ಟಿಂಗ್ ಹೋಗ್ತೀನಿ" ಅಂತ ಮತ್ತೆ ಮುಂದಿನ ಬಾಗಿಲಿಂದಲೇ ಒಳಗೆ ಹೋಗ್ತಾಳೆ. ಅಮ್ಮನಿಗೆ ಎದೆ ಧಸಕ್ಕೆನ್ನುತ್ತೆ. "ಯಾರೋ ಉಟ್ಟು ಬಿಟ್ಟಿದ್ದನ್ನ ನೀನ್ಯಾಕೆ ಹಾಕ್ಕೋಬೇಕು? ನಿನಗೆ ನಾವೇನು ಕಡಿಮೆ ಮಾಡಿದೀವಿ?"

ನೀವು ಆ ಮಗಳಾಗಿರಬಹುದು, ಆ ಅಮ್ಮನೂ ಆಗಿರಬಹುದು. ಯಾರಾದರೂ ಸರಿ, ಈ ಅಂಗಡಿಯನ್ನ ಒಂದು ಪುಸ್ತಕದ ಹಾಗೆ ಓದೋಣ ಬನ್ನಿ. ಅದು ಏನು ಹೇಳುತ್ತೆ, ಎಲ್ಲಿ ಗೆಲ್ಲುತ್ತೆ, ಎಲ್ಲಿ ಸೋಲುತ್ತೆ ಅಂತ.

ಮೊದಲು ಹೆಸರು. ಇಂಗ್ಲೆಂಡಿನಲ್ಲಿ ಇದನ್ನ ಚಾರಿಟಿ ಶಾಪ್ ಅಂತಾರೆ, ಅಮೆರಿಕದಲ್ಲಿ ಥ್ರಿಫ್ಟ್ ಸ್ಟೋರ್. ಆಸ್ಟ್ರೇಲಿಯಾದಲ್ಲಿ ಆಪರ್ಚುನಿಟಿ ಶಾಪ್, ಅಂದ್ರೆ ಅವಕಾಶದ ಅಂಗಡಿ. 1920ರ ದಶಕದಲ್ಲಿ ಮೆಲ್ಬರ್ನ್‌ನಲ್ಲಿ ಆಸ್ಪತ್ರೆಗೆ ಹಣ ಕೂಡಿಸಲು ಇಂಥದ್ದೊಂದು ಅಂಗಡಿ ನಡೆಸಿದ ಲೇಡಿ ಮಿಲ್ಲಿ ಟ್ಯಾಲಿಸ್ ಈ ಹೆಸರನ್ನ ಬಳಕೆಗೆ ತಂದವರು ಅಂತಾರೆ. ಅವರ ಗಂಡ ಸರ್ ಜಾರ್ಜ್ ಟ್ಯಾಲಿಸ್ ನಾಟಕ ಕಂಪನಿಯ ದೊಡ್ಡ ಯಜಮಾನರು. ಮೂರು ಹೆಸರುಗಳನ್ನ ಪಕ್ಕಪಕ್ಕ ಇಟ್ಟು ನೋಡಿ. 'ಚಾರಿಟಿ' ಅಂದಾಗ ಕಣ್ಣು ಕೊಡುವವನ ಪುಣ್ಯದ ಮೇಲಿರುತ್ತೆ. 'ಥ್ರಿಫ್ಟ್' ಅಂದಾಗ ಕೊಳ್ಳುವವನ ಜೇಬಿನ ಮೇಲೆ. 'ಅವಕಾಶ' ಅಂದಾಗ ಇಬ್ಬರ ಮೇಲೂ ಇಲ್ಲ, ಸಾಮಾನು ಕೈ ಬದಲಾಯಿಸೋ ಆ ಗಳಿಗೆಯ ಮೇಲೆ. ನನ್ನ ಮಟ್ಟಿಗೆ ಮೂರರಲ್ಲಿ ಇದೇ ಒಳ್ಳೆಯ ಹೆಸರು. ನಮ್ಮ ಮನೆಗಳಲ್ಲಿ ಉಟ್ಟ ಬಟ್ಟೆ ಹೇಗೆ ಕೈ ಬದಲಾಯಿಸುತ್ತಿತ್ತು ಅಂತ ನೆನಪಿಸಿಕೊಂಡರೆ ಕಾರಣ ಗೊತ್ತಾಗುತ್ತೆ.

'ನಮ್ಮಲ್ಲಿ ಹಳೇ ಬಟ್ಟೆ ಹಾಕೋ ಪದ್ಧತಿ ಇಲ್ಲ' ಅನ್ನೋದು ನಿಜವಲ್ಲ. ಹುಟ್ಟಿದ ಮಗುವಿಗೆ ಮೊದಲು ಸುತ್ತೋದು ಅಜ್ಜಿಯ ಹಳೇ ಹತ್ತಿ ಸೀರೆಯನ್ನೋ ಅಜ್ಜನ ಪಂಚೆಯನ್ನೋ. ಒಗೆದು ಒಗೆದು ಮೆತ್ತಗಾಗಿರುತ್ತೆ, ಅವರ ಆಯಸ್ಸೂ ಮಗುವಿಗೆ ಬರಲಿ ಅಂತ. ಅಣ್ಣನ ಶರಟು ತಮ್ಮನಿಗೆ, ದೊಡ್ಡಮ್ಮನ ಮಗಳ ಲಂಗ ಚಿಕ್ಕಮ್ಮನ ಮಗಳಿಗೆ. ಉತ್ತರ ಕರ್ನಾಟಕದಲ್ಲಿ ಹಳೇ ಸೀರೆಗಳನ್ನ ಪದರ ಪದರವಾಗಿ ಹಾಸಿ, ಸಣ್ಣ ಹೊಲಿಗೆ ಹಾಕಿ ಕೌದಿ ಮಾಡ್ತಾರೆ. ಉತ್ತರ ಕನ್ನಡ ಜಿಲ್ಲೆಯ ಸಿದ್ದಿ ಹೆಂಗಸರು ಹೊಲಿದ ಕೌದಿಗಳು ಇವತ್ತು ಕಲಾ ಪ್ರದರ್ಶನಗಳಿಗೂ ಹೋಗ್ತಿವೆ. ಬೀದಿಯಲ್ಲಿ ಸ್ಟೀಲ್ ಪಾತ್ರೆಯವಳು ಬಂದರೆ ನಾಲ್ಕು ಹಳೇ ಸೀರೆಗೆ ಒಂದು ಡಬರಿ. ಆ ಚೌಕಾಸಿಯನ್ನ ನೋಡಿದವರಿಗೆ ಮಾರ್ಕೆಟ್ ಬಗ್ಗೆ ಬೇರೆ ಪಾಠ ಬೇಕಿಲ್ಲ.

ಹಾಗಾದ್ರೆ ಆ ಅಮ್ಮನ ಸಂಕಟ ಎಲ್ಲಿಂದ ಬಂತು? ಬಟ್ಟೆ ಹಳೆಯದು ಅನ್ನೋದರಿಂದಲ್ಲ, ಅದು ಯಾವ ದಿಕ್ಕಿನಿಂದ ಬಂತು ಅನ್ನೋದರಿಂದ. ನಮ್ಮಲ್ಲಿ ಉಟ್ಟ ಬಟ್ಟೆ ಎರಡೇ ದಿಕ್ಕಿನಲ್ಲಿ ಹರಿಯುತ್ತಿತ್ತು. ಒಂದು ಅಡ್ಡಕ್ಕೆ: ರಕ್ತಸಂಬಂಧದ ಒಳಗೆ. ಅದರಲ್ಲಿ ಅವಮಾನ ಇಲ್ಲ. ಇನ್ನೊಂದು ಕೆಳಕ್ಕೆ: ಮನೆಯಿಂದ ಮನೆಗೆಲಸದವಳಿಗೆ, ಯಜಮಾನನಿಂದ ಆಳಿಗೆ, 'ಮೇಲಿನ' ಜಾತಿಯಿಂದ 'ಕೆಳಗಿನ' ಜಾತಿಗೆ. ಹಬ್ಬಕ್ಕೆ ಹೊಸ ಬಟ್ಟೆ ನಮಗೆ, ಹೋದ ವರ್ಷದ್ದು ಅವಳಿಗೆ. ಕೊಡುವವರು ಅದನ್ನ ದಾನ ಅಂದರು. ಪಡೆಯುವವರು ಏನಂದರು ಅಂತ ನಮ್ಮಲ್ಲಿ ಬಹಳ ಜನ ಕೇಳಲೇ ಇಲ್ಲ. ಹಾಗಾಗಿ ರಕ್ತಸಂಬಂಧವಿಲ್ಲದವರ ಬಟ್ಟೆಯನ್ನ ಮಗಳು ಹಾಕಿಕೊಂಡರೆ, ಅಮ್ಮನ ಲೆಕ್ಕದಲ್ಲಿ ಅದಕ್ಕೊಂದೇ ಅರ್ಥ: ನಾವು ಕೆಳಕ್ಕೆ ಇಳಿದೆವು. ಎಷ್ಟೋ ಸಲ 'ಕ್ಲೀನ್ ಇರಲ್ಲ' ಅನ್ನೋ ಮಾತಿನ ಹಿಂದೆ ಇರೋದು ಸೋಪಿನ ಪ್ರಶ್ನೆ ಅಲ್ಲ, ಮೈಲಿಗೆಯ ಪ್ರಶ್ನೆ.

ಆಪ್ ಶಾಪ್ ಗೆಲ್ಲೋದು ಇಲ್ಲೇ. ಕೊಡುವವನಿಗೂ ಪಡೆಯುವವನಿಗೂ ನಡುವೆ ಅದು ಒಂದು ಸಣ್ಣ ಬೆಲೆ ಚೀಟಿ ತಂದಿಡುತ್ತೆ. 6 ಡಾಲರ್ ಕೊಟ್ಟು ಸ್ವೆಟರ್ ತಗೊಂಡವನು ಯಾರಿಗೂ ಕೈ ಮುಗಿಯಬೇಕಿಲ್ಲ, ಯಾರ ಋಣವೂ ಅವನ ಮೇಲಿಲ್ಲ. ಕೊಟ್ಟವಳಿಗೆ ತನ್ನ ಸ್ವೆಟರ್ ಎಲ್ಲಿ ಹೋಯ್ತು ಅಂತ ಗೊತ್ತಾಗೋದೂ ಇಲ್ಲ, ಬೀದಿಯಲ್ಲಿ ಕಂಡಾಗ 'ಅದು ನಾನು ಕೊಟ್ಟಿದ್ದು' ಅನ್ನೋ ದರ್ಪಕ್ಕೂ ಅವಕಾಶ ಇಲ್ಲ. ನಮ್ಮ 'ಮುಯ್ಯಿ' ಅನ್ನೋ ಪದ ನಿಮಗೆ ಗೊತ್ತಿಲ್ಲದಿದ್ದರೆ, ಮದುವೆ ಮುಂಜಿಗಳಲ್ಲಿ ಕೊಟ್ಟು, ಮುಂದೆ ಅವರ ಮನೆಯ ಕಾರ್ಯದಲ್ಲಿ ವಾಪಸ್ ಬರಲಿ ಅಂತ ಕಾಯೋ ಉಡುಗೊರೆ. ದಾನ ಮೇಲಿಂದ ಕೆಳಕ್ಕೆ ಇಳಿಯುತ್ತೆ, ಮುಯ್ಯಿ ಹೋಗಿ ಬಂದು ಮಾಡುತ್ತೆ. ಆಪ್ ಶಾಪ್ ಇವೆರಡೂ ಅಲ್ಲದ ಮೂರನೇ ದಾರಿ. ಅಲ್ಲಿ ಬಾಡಿಗೆ ಕಟ್ಟಲು ಪರದಾಡೋ ಸ್ಟೂಡೆಂಟ್, ಹಳೇ ಪಿಂಗಾಣಿ ಹುಡುಕೋ ಶ್ರೀಮಂತ ಅಜ್ಜಿ, ಫ್ಯಾಷನ್ ಹುಚ್ಚಿನ ಹುಡುಗಿ ಒಂದೇ ಕ್ಯೂನಲ್ಲಿ ನಿಲ್ತಾರೆ. ಯಾರು ಬಡವರು ಅಂತ ಕೌಂಟರ್‌ನಲ್ಲಿ ಯಾರೂ ಕೇಳಲ್ಲ.

ಇನ್ನು ಸೋಲುವ ಕಡೆ. 'ಭೂಮಿ ಉಳಿಸೋಕೆ ಕೊಡ್ತೀನಿ' ಅನ್ನೋ ಮಾತನ್ನ ನಾನು ಪೂರ್ತಿ ಒಪ್ಪಲ್ಲ. ರ್‍ಯಾಕ್ ಮೇಲೆ ನೀಟಾಗಿ ತೂಗುಹಾಕಿದ್ದನ್ನ ನೋಡಿ ನಾವು ಕೊಟ್ಟಿದ್ದೆಲ್ಲ ಹೀಗೇ ಮಾರಾಟ ಆಗುತ್ತೆ ಅಂದ್ಕೋತೀವಿ. ಆದ್ರೆ ನಮಗೆ ಕಾಣೋದು ಜರಡಿ ಹಿಡಿದು ಉಳಿದ ಕಾಳು ಮಾತ್ರ. ಉದುರಿ ಹೋದದ್ದು ಕಾಣಲ್ಲ. ಕಲೆಯಾದ ಟೀ ಶರ್ಟ್, ಒಂಟಿ ಚಪ್ಪಲಿ, ಮುರಿದ ಆಟಿಕೆಗಳನ್ನ ಕಸಕ್ಕೆ ಸಾಗಿಸೋ ಖರ್ಚು ಬೀಳೋದು ಆ ಸಂಸ್ಥೆಯ ತಲೆ ಮೇಲೇ. ವಿನ್ನೀಸ್ ಅಂತ ಕರೆಯೋ ಸೇಂಟ್ ವಿನ್ಸೆಂಟ್ ಡಿ ಪಾಲ್ ಸೊಸೈಟಿ 1854ರಿಂದ ಈ ದೇಶದಲ್ಲಿದೆ, ಸಾಲ್ವೋಸ್ ಅನ್ನೋ ಸಾಲ್ವೇಷನ್ ಆರ್ಮಿ ಕೂಡ ಹತ್ತೊಂಬತ್ತನೇ ಶತಮಾನದ್ದು. ಇಂಥ ಸಂಸ್ಥೆಗಳು ಅಂಗಡಿ ನಡೆಸೋದು ಮನೆ ಇಲ್ಲದವರಿಗೆ, ಕಷ್ಟದಲ್ಲಿರೋ ಕುಟುಂಬಗಳಿಗೆ ಹಣ ಹೊಂದಿಸೋಕೆ. ನಮ್ಮ ಗ್ಯಾರೇಜ್ ಖಾಲಿ ಮಾಡೋಕೆ ಅಲ್ಲ.

ಇಲ್ಲಿ ಮಾರಾಟ ಆಗದ ಬಟ್ಟೆಯಲ್ಲಿ ಒಂದಷ್ಟು ಹಡಗು ಹತ್ತುತ್ತೆ. ಹೀಗೆ ಶ್ರೀಮಂತ ದೇಶಗಳಿಂದ ಹೊರಟ ಬಟ್ಟೆ ಘಾನಾದ ಅಕ್ರಾ ನಗರದ ಕಾಂಟಮಾಂಟೊ ಮಾರ್ಕೆಟ್‌ನಲ್ಲಿ ರಾಶಿ ಬೀಳುತ್ತೆ. ಅಲ್ಲಿಯ ಜನ ಅದಕ್ಕೆ ಇಟ್ಟಿರೋ ಹೆಸರಿನ ಅರ್ಥ 'ಸತ್ತ ಬಿಳಿಯನ ಬಟ್ಟೆ'. ಬದುಕಿರೋರು ಇಷ್ಟು ಒಳ್ಳೇ ಬಟ್ಟೆ ಯಾಕೆ ಬಿಸಾಕ್ತಾರೆ ಅನ್ನೋ ಬೆರಗಿನಿಂದ ಹುಟ್ಟಿದ ಮಾತಂತೆ. ಪಶ್ಚಿಮ ದೇಶಗಳ ಉಣ್ಣೆ ಬಟ್ಟೆ ಹರಿಯಾಣದ ಪಾಣಿಪತ್‌ಗೂ ಬಂದು, ಅಲ್ಲಿ ಚಿಂದಿಯಾಗಿ, ನೂಲಾಗಿ, ಕಂಬಳಿಯಾಗುತ್ತೆ. ಅಂದ್ರೆ 'ಮೇಲಿಂದ ಕೆಳಕ್ಕೆ' ಅನ್ನೋ ನಮ್ಮ ಹಳೇ ದಿಕ್ಕನ್ನ ಬೆಲೆ ಚೀಟಿ ಅಂಗಡಿಯ ಒಳಗಷ್ಟೇ ಅಳಿಸಿದೆ. ಜಗತ್ತಿನ ಮಟ್ಟದಲ್ಲಿ ಅದು ಹಾಗೇ ಇದೆ. ಕೊಡೋದರಿಂದ ಸಿಗೋ ಸಮಾಧಾನ ಮುಂದಿನ ಸೇಲ್‌ಗೆ ಬೀರು ಖಾಲಿ ಮಾಡೋದಾದರೆ, ಅದರಿಂದ ಭೂಮಿ ಉಳಿಯಲ್ಲ.

ಇದಕ್ಕೆ ತದ್ವಿರುದ್ಧವಾದ ಜಾಗವೊಂದು ನಮ್ಮ ಬಡಾವಣೆಯಲ್ಲೇ ಇದೆ. ವಿಂಡ್ಸರ್ ರೋಡ್ ಪಕ್ಕದ ರೌಸ್ ಹಿಲ್ ಹೌಸ್ ಅನ್ನು ರಿಚರ್ಡ್ ರೌಸ್ 1813ರಲ್ಲಿ ಕಟ್ಟಲು ಶುರು ಮಾಡಿಸಿದ್ದು. ಒಂದೇ ವಂಶದ ಆರು ತಲೆಮಾರು ಅಲ್ಲಿ ಬದುಕಿತು. ಈಗ ಅದು ಸರ್ಕಾರಿ ಮ್ಯೂಸಿಯಂ. ಅದರ ವಿಶೇಷ ವೈಭವ ಅಲ್ಲ, ಯಾವುದನ್ನೂ ಬಿಸಾಕದೇ ಇದ್ದದ್ದು. ಸವೆದ ಕುರ್ಚಿ, ಮಾಸಿದ ಗೋಡೆ ಕಾಗದ, ಒಂದು ತಲೆಮಾರಿನ ಮೇಲೆ ಇನ್ನೊಂದು ತಲೆಮಾರಿನ ಸಾಮಾನು. ವಸ್ತು ಮನೆಯಲ್ಲೇ ಉಳಿದರೆ ಅದು ಚರಿತ್ರೆ ಆಗುತ್ತೆ. ಆದ್ರೆ ಎರಡು ಸೂಟ್‌ಕೇಸ್ ತಗೊಂಡು ಬಂದ ನಮಗೆ ಆ ಭಾಗ್ಯ ಇಲ್ಲ. ನಮ್ಮ ಸಾಮಾನಿನ ಕಥೆ ಜೊತೆಗೆ ಹೇಳುವವರು ಬೇಕು. ಇಲ್ಲದಿದ್ದರೆ ಕಥೆ ಹಿಂದಿನ ಬಾಗಿಲಲ್ಲೇ ಉದುರಿಹೋಗುತ್ತೆ.

ಅದು ಹೇಗೆ ಉದುರುತ್ತೆ ಅನ್ನೋದಕ್ಕೆ ಒಂದು ಉದಾಹರಣೆ. ಇಲ್ಲಿಂದ ಸ್ವಲ್ಪ ದೂರದ ಒಂದು ಆಪ್ ಶಾಪ್‌ನಲ್ಲಿ ಪರದೆ ಬಟ್ಟೆಗಳ ಬುಟ್ಟಿಯೊಳಗೆ ಒಂದು ಇಳಕಲ್ ಸೀರೆ ಸಿಕ್ಕಿತು. ಕಡು ನೀಲಿ ಒಡಲು, ಕೆಂಪು ಸೆರಗು. ಚೀಟಿಯಲ್ಲಿ 'ಕರ್ಟನ್ ಬಟ್ಟೆ, 4 ಡಾಲರ್'. ಕೌಂಟರ್‌ನಲ್ಲಿದ್ದ ಎಪ್ಪತ್ತು ದಾಟಿದ ಸ್ವಯಂಸೇವಕಿಗೆ ಇದು ಉಡೋ ಬಟ್ಟೆ ಅಂದೆ. ಆಕೆ ಬೇಜಾರು ಮಾಡಿಕೊಳ್ಳಲಿಲ್ಲ. ಸೆರಗು ಯಾವ ಕಡೆ ಬರುತ್ತೆ, ಉದ್ದ ಇಷ್ಟ್ಯಾಕೆ ಅಂತೆಲ್ಲ ಕೇಳಿ, ಕೊನೆಗೆ "ನಮ್ಮಲ್ಲಿ ಇದನ್ನ ಹೇಳೋರು ಯಾರೂ ಇಲ್ಲ ನೋಡಿ" ಅಂದರು. ಆ ಮಾತು ನಿಜ. ಅದು ಆ ಅಂಗಡಿಯ ತಪ್ಪಲ್ಲ. ಸೀರೆ ಕೊಟ್ಟವರು ಹಿಂದಿನ ಬಾಗಿಲಲ್ಲಿ ಚೀಲ ಇಳಿಸಿ ಹೋದರು, ಕೊಳ್ಳಬಹುದಾದವರು ಮುಂದಿನ ಬಾಗಿಲಿಗೆ ಬರಲೇ ಇಲ್ಲ. ನಡುವೆ ಇರೋ ಕೋಣೆಯಲ್ಲಿ, ಅಂದ್ರೆ ಬಟ್ಟೆ ವಿಂಗಡಿಸಿ ಬೆಲೆ ಬರೆಯೋ ಕೋಣೆಯಲ್ಲಿ, ನಮ್ಮವರು ಒಬ್ಬರೂ ಇರಲಿಲ್ಲ.

ಈ ಊರಿನಲ್ಲಿ ನಮ್ಮ ಜಾಗ ಯಾವುದು ಅನ್ನೋದು ತೀರ್ಮಾನ ಆಗೋದು ಆ ಕೋಣೆಯಲ್ಲೇ ಅಂತ ನನಗನ್ನಿಸುತ್ತೆ. ಕನ್ನಡ ರಾಜ್ಯೋತ್ಸವಕ್ಕೆ ಹಾಲ್ ಬುಕ್ ಮಾಡಿ ನಮಗೆ ನಾವೇ ಸೀರೆ ತೋರಿಸಿಕೊಳ್ತೀವಿ. ಅದು ಬೇಡ ಅನ್ನಲ್ಲ. ಆದ್ರೆ ವಾರಕ್ಕೆ ಒಂದು ಬೆಳಗ್ಗೆ ಆ ಕೋಣೆಯಲ್ಲಿ ನಿಂತು, ಇದು ಇಳಕಲ್, ಇದು ಮೊಳಕಾಲ್ಮೂರು, ಇದು ಪಾಲಿಯೆಸ್ಟರ್ ಅಂತ ಹೇಳುವವರೊಬ್ಬರು ಇದ್ದರೆ ಸೀರೆ ಪರದೆಯಾಗೋದು ತಪ್ಪುತ್ತೆ. ನಿವೃತ್ತರಾಗಿ ಇಲ್ಲೇ ನೆಲೆಸಿ, ಹಗಲೆಲ್ಲಾ ಮನೆಯಲ್ಲಿ ಒಬ್ಬರೇ ಇರೋ ಎಷ್ಟೋ ಅಮ್ಮಂದಿರಿಗೆ ಇದಕ್ಕೆ ಬೇಕಾದ ವಿದ್ಯೆ ಬೆರಳ ತುದಿಯಲ್ಲಿದೆ. ಬಟ್ಟೆ ಮುಟ್ಟಿ ನೂಲು ಹೇಳೋಕೆ ಇಂಗ್ಲಿಷ್ ಜಾಸ್ತಿ ಬೇಕಿಲ್ಲ.

ಹೀಗಾಗಿ ಮೂರು ಮಾತು. ಕೊಡೋದಾದರೆ ಸ್ನೇಹಿತರಿಗೆ ಕೊಡೋಕೆ ನಾಚಿಕೆ ಆಗದಂಥದ್ದನ್ನ ಮಾತ್ರ ಒಗೆದು ಕೊಡಿ. ಸೀರೆಯಾದರೆ ಅದರ ಹೆಸರು, ಊರು ಬರೆದ ಚೀಟಿಯೊಂದನ್ನ ಪಿನ್ ಮಾಡಿ. ಕೊಳ್ಳೋದಾದರೆ ಬೇಕಾದಷ್ಟೇ ಕೊಳ್ಳಿ. ಸ್ಟೂಡೆಂಟ್‌ಗೆ ಬೇಕಾದ ಜಾಕೆಟ್ ಅನ್ನು ಆನ್‌ಲೈನ್‌ನಲ್ಲಿ ಮರುಮಾರಾಟ ಮಾಡೋಕೆ ಎತ್ತಿಕೊಂಡು ಬರಬೇಡಿ. ಇನ್ನು ಮನೆಯಲ್ಲಿ ಆ ಜಗಳ ಶುರುವಾದರೆ, ಅಮ್ಮನಿಗೆ ಪರಿಸರದ ಪಾಠ ಹೇಳಬೇಡಿ. ನನಗೆ ಮೊದಲು ಸುತ್ತಿದ್ದು ಯಾರ ಸೀರೆ ಅಂತ ಕೇಳಿ, ಅವರು ಹೇಳೋದನ್ನ ಪೂರ್ತಿ ಕೇಳಿಸಿಕೊಳ್ಳಿ. ಆಮೇಲೆ ಕಾರಿನ ಕೀ ತಗೊಂಡು ಅವರನ್ನೂ ಕರ್ಕೊಂಡು ಹೋಗಿ.