ಆಕ್ಸ್‌ಫರ್ಡ್ ಕಾದಂಬರಿಗಳಲ್ಲಿ ಕ್ರೀಡೆಯ ಸ್ಥಾನ

ಇಂಗ್ಲಿಷ್ ಸಾಹಿತ್ಯದಲ್ಲಿ ವಿಶ್ವವಿದ್ಯಾನಿಲಯದ ಜೀವನವನ್ನೇ ವಸ್ತುವಾಗಿ ಉಳ್ಳ ಕಾದಂಬರಿಗಳು ಒಂದು ಪ್ರತ್ಯೇಕ ವರ್ಗವೆನ್ನಬಹುದಾದಷ್ಟು ಇವೆ. ಅವುಗಳಲ್ಲಿ ಹಲವು ಆಕ್ಸ್‌ಫರ್ಡಿಗೆ ಸೇರಿದುವು. ಇವುಗಳನ್ನು ಓದುವವರಿಗೆ ಒಂದು ಸಂಗತಿಯು ವಿಚಿತ್ರವಾಗಿ ತೋರದಿರದು: ವಿದ್ಯಾರ್ಥಿಗಳು ಕುಳಿತು ಉಪನ್ಯಾಸವನ್ನು ಕೇಳುವ ಸನ್ನಿವೇಶಗಳು ವಿರಳ, ನದಿಯಲ್ಲಿ ಹುಟ್ಟು ಹಾಕುವ ಸನ್ನಿವೇಶಗಳು ಧಾರಾಳ. ಇದನ್ನು ಕಾದಂಬರಿಕಾರರ ಚಾಪಲ್ಯವೆಂದು ತಳ್ಳಿಬಿಡುವುದು ಸುಲಭ. ಆದರೆ ವಿದ್ಯಾಪೀಠವೆಂದರೇನು, ಅದರ ಬಾಗಿಲು ಯಾರಿಗೆ ತೆರೆದಿದೆ ಎಂಬ ಪ್ರಶ್ನೆಗೆ ಈ ಗ್ರಂಥಗಳು ತಮ್ಮ ಉತ್ತರವನ್ನು ಪಾಠಶಾಲೆಯಲ್ಲಿ ಹೇಳದೆ ಆಟದ ಬಯಲಿನಲ್ಲಿ ಹೇಳಿರುವುವು. ಆದುದರಿಂದ ಅಲ್ಲಿನ ಕ್ರೀಡಾವರ್ಣನೆಯು ಅಲಂಕಾರಮಾತ್ರವಲ್ಲ; ಕೃತಿಯ ತಿರುಳೇ ಅದರಲ್ಲಿದೆ.

ಇದನ್ನು ಪರೀಕ್ಷಿಸುವುದಕ್ಕೆ ನ್ಯೂಮನ್ನನು 1852ರ ತನ್ನ ಪ್ರವಚನಗಳಲ್ಲಿ ಪ್ರತಿಪಾದಿಸಿದ ತತ್ತ್ವವೊಂದು ಒರೆಗಲ್ಲಾಗಿ ಒದಗುತ್ತದೆ. ಬೇರೊಂದು ಫಲಕ್ಕೆ ಸಾಧನವಾಗದೆ ತನ್ನಲ್ಲಿಯೇ ಸಾರ್ಥಕವಾದ ವಿದ್ಯೆಯೇ ಉದಾರವಿದ್ಯೆಯೆಂಬುದು ಅವನ ಮತ. ಈ ಲಕ್ಷಣಕ್ಕೆ ಅನುಸಾರವಾಗಿ, ದೇಹಕ್ಕೆ ಸಂಬಂಧಪಟ್ಟವಾದರೂ ಪುರುಷೋಚಿತವಾದ ಆಟಗಳು ಉದಾರವೆನಿಸಿಕೊಳ್ಳುವುವೆಂದೂ, ಕೇವಲ ವೃತ್ತಿಗಾಗಿ ಕಲಿತದ್ದು ಬುದ್ಧಿಯ ಕೆಲಸವೇ ಆದರೂ ಆ ಹೆಸರಿಗೆ ಸಲ್ಲದೆಂದೂ ಅವನು ಹೇಳುವನು. ಕ್ರೀಡೆಗೆ ವಿದ್ಯಾಪೀಠದಲ್ಲಿ ಇದಕ್ಕಿಂತ ಉನ್ನತವಾದ ಪೀಠವನ್ನು ಕೊಟ್ಟವರು ಕಡಮೆ. ಆದರೆ ಇದೇ ಪ್ರವಚನದಲ್ಲಿ ಮತ್ತೊಂದು ಮಾತೂ ಅಡಗಿದೆ. ಉದಾರವೆಂಬ ಪದಕ್ಕೆ ಅವನು ಕೊಡುವ ವಿರುದ್ಧಪದವು ಸೇವಕವೃತ್ತಿ. ಎಂದರೆ ಪರರಿಗಾಗಿ ದೇಹವನ್ನು ದಂಡಿಸುವುದು. ಹಾಗಾದರೆ ಆಟವು ಸ್ವತಂತ್ರರಿಗೆ ಮಾತ್ರ ಮೀಸಲೇ? ಬಿಡುವೇ ಇಲ್ಲದವನಿಗೆ ಅದರಲ್ಲಿ ಪಾಲುಂಟೇ? ನ್ಯೂಮನ್ನನು ಈ ಪ್ರಶ್ನೆಯನ್ನು ಎತ್ತಲಿಲ್ಲ. ಕಾದಂಬರಿಕಾರರು ಬೇಕೆಂದೋ ಬೇಡದೆಯೋ ಇದನ್ನು ಎದುರಿಸಬೇಕಾಯಿತು.

ಮೊದಲು ಆಕ್ಸ್‌ಫರ್ಡಿನ ದೋಣಿಯ ಪಂದ್ಯದ ಕ್ರಮವನ್ನು ತಿಳಿಯಬೇಕು. ಅಲ್ಲಿ ಐಸಿಸ್ ಎಂಬ ಹೆಸರಿನಿಂದ ಹರಿಯುವ ಥೇಮ್ಸ್ ನದಿಯ ಪಾತ್ರವು ಕಿರಿದು. ಹಲವು ದೋಣಿಗಳು ಅಕ್ಕಪಕ್ಕದಲ್ಲಿ ಓಡಲಾರವು. ಆದುದರಿಂದ ಕಾಲೇಜುಗಳ ದೋಣಿಗಳನ್ನು ಗೊತ್ತಾದ ಅಂತರದಲ್ಲಿ ಒಂದರ ಹಿಂದೆ ಒಂದನ್ನು ನಿಲ್ಲಿಸಿ, ತುಪಾಕಿಯ ಸದ್ದಿನೊಡನೆ ಏಕಕಾಲದಲ್ಲಿ ಬಿಡುವರು. ಹಿಂದಿನ ದೋಣಿಯು ಮುಂದಿನದನ್ನು ಮುಟ್ಟಿದರೆ ಮರುದಿನ ಅವೆರಡರ ಸ್ಥಾನಗಳು ಅದಲುಬದಲಾಗುವುವು. ಹೀಗೆ ಕೆಲವು ದಿನಗಳು ನಡೆದ ಬಳಿಕ ಎಲ್ಲಕ್ಕಿಂತ ಮುಂದೆ ಉಳಿದ ದೋಣಿಗೆ ನದಿಯ ಅಗ್ರಸ್ಥಾನವು ಲಭಿಸುವುದು. ಎಂಟು ಮಂದಿ ಹುಟ್ಟು ಹಾಕುವರು. ಒಬ್ಬನು ಚುಕ್ಕಾಣಿ ಹಿಡಿಯುವನು. ಹುಟ್ಟು ಹಾಕುವವರ ಮುಖವು ಹಿಂದಕ್ಕೆ ತಿರುಗಿರುವುದರಿಂದ ಅವರಿಗೆ ತಾವು ಅಟ್ಟಿಸಿಕೊಂಡು ಹೋಗುವ ದೋಣಿಯು ಕಾಣಿಸದು, ತಮ್ಮನ್ನು ಅಟ್ಟಿಸಿಕೊಂಡು ಬರುವುದು ಮಾತ್ರ ಕಾಣಿಸುವುದು. ಕಾದಂಬರಿಕಾರನಿಗೆ ಇಂತಹ ಸನ್ನಿವೇಶವು ವರವೆನ್ನಬೇಕು. ಕೇಂಬ್ರಿಜ್ಜಿನೊಡನೆ ಕ್ರಿಕೆಟ್ಟಿನ ಪಂದ್ಯವು 1827ರಲ್ಲಿಯೂ ದೋಣಿಯ ಪಂದ್ಯವು 1829ರಲ್ಲಿಯೂ ಓಟ ಮೊದಲಾದುವುಗಳ ಪಂದ್ಯವು 1864ರಲ್ಲಿಯೂ ಆರಂಭವಾದುವು.

ಥಾಮಸ್ ಹ್ಯೂಸನ 'ಟಾಮ್ ಬ್ರೌನ್ ಅಟ್ ಆಕ್ಸ್‌ಫರ್ಡ್' ಎಂಬ ಕಾದಂಬರಿಯು 1861ರಲ್ಲಿ ಪುಸ್ತಕರೂಪವನ್ನು ಪಡೆಯಿತು. ಹ್ಯೂಸನು ತಾನೇ ಆಟಗಾರ. 1842ರಲ್ಲಿ ಲಾರ್ಡ್ಸ್ ಬಯಲಿನಲ್ಲಿ ಕೇಂಬ್ರಿಜ್ಜಿನ ವಿರುದ್ಧ ಆಕ್ಸ್‌ಫರ್ಡಿನ ಪರವಾಗಿ ಕ್ರಿಕೆಟ್ ಆಡಿದವನು. ಅವನ ಅಣ್ಣ ಜಾರ್ಜ್ ಹ್ಯೂಸನು 1843ರಲ್ಲಿ ಹೆನ್ಲಿಯಲ್ಲಿ, ಒಬ್ಬನು ಅಸ್ವಸ್ಥನಾದುದರಿಂದ ಏಳೇ ಮಂದಿಯಿಂದ ಗೆದ್ದ ಪ್ರಸಿದ್ಧವಾದ ಆಕ್ಸ್‌ಫರ್ಡ್ ದೋಣಿಯನ್ನು ಮುನ್ನಡೆಸಿದವನು. ನ್ಯೂಮನ್ನನು ಅಧ್ಯಾಪಕನಾಗಿದ್ದ ಓರಿಯಲ್ ಕಾಲೇಜೇ ಈ ಸೋದರರ ಕಾಲೇಜು. ಹೀಗಿರಲು, ದೋಣಿಯೊಳಗಿನ ಅನುಭವವನ್ನು ಬರೆಯುವುದಕ್ಕೆ ಹ್ಯೂಸನಿಗಿಂತ ಅರ್ಹರು ವಿರಳ. ಕಾದಂಬರಿಯ ಮೊದಲನೆಯ ಪಂದ್ಯದ ವರ್ಣನೆಯು ಇಂದಿಗೂ ಮಾಸಿಲ್ಲ. ಕಾಯುವಿಕೆಯ ಕ್ಷಣಗಳ ತಳಮಳ, ಮೊದಲ ಎಳೆತಗಳ ಗಲಿಬಿಲಿ, ಚುಕ್ಕಾಣಿ ಹಿಡಿದ ಮಿಲ್ಲರನ ಧ್ವನಿಯೊಂದನ್ನೇ ನಂಬಿ ಎಂಟು ದೇಹಗಳು ಒಂದಾಗುವ ಬಗೆ, ಇವೆಲ್ಲವನ್ನೂ ದಡದ ಮೇಲೆ ನಿಂತವನು ಬರೆಯಲಾರನು. ಇಲ್ಲಿ ಕ್ರೀಡೆಯು ಏನನ್ನೂ ಬೋಧಿಸುವುದಿಲ್ಲ, ತಾನು ತಾನಾಗಿದೆ. ನ್ಯೂಮನ್ನನ ಲಕ್ಷಣಕ್ಕೆ ಇದಕ್ಕಿಂತ ಒಳ್ಳೆಯ ಲಕ್ಷ್ಯ ಬೇಕಿಲ್ಲ.

ಆದರೆ ಹ್ಯೂಸನು ಅಲ್ಲಿಗೆ ನಿಲ್ಲಲಿಲ್ಲ. ಕೇವಲ ಮಾಂಸಬಲದಿಂದ ಮೆರೆಯುವವನಿಗೂ, ಆ ಬಲವನ್ನು ದುರ್ಬಲರ ರಕ್ಷಣೆಗೂ ಧರ್ಮಕ್ಕೂ ವಿನಿಯೋಗಿಸುವವನಿಗೂ ಇರುವ ಭೇದವನ್ನು ಅವನು ಕಥೆಯನ್ನು ತಡೆದು ವಿವರಿಸುವನು. ಉದ್ದೇಶವು ಶ್ಲಾಘ್ಯವೇ; ಆದರೆ ಆ ಪುಟಗಳಲ್ಲಿ ಆಟವು ಆಟವಾಗಿ ಉಳಿಯದೆ ನೀತಿಗೆ ಸಾಧನವಾಗುವುದು. ದೋಣಿಯಲ್ಲಿ ಕವಿಯಾಗಿದ್ದ ಗ್ರಂಥಕರ್ತನು ದಡವನ್ನು ಹತ್ತಿದೊಡನೆ ಉಪದೇಶಕನಾಗುವನು.

ಕಾದಂಬರಿಯ ನಿಜವಾದ ಪರೀಕ್ಷೆಯಾದರೋ ಹಾರ್ಡಿಯ ಪಾತ್ರದಲ್ಲಿದೆ. ಹಾರ್ಡಿ 'ಸರ್ವಿಟರ್' ವರ್ಗದವನು. ಶುಲ್ಕದಲ್ಲಿ ರಿಯಾಯಿತಿಯನ್ನು ಪಡೆದು ಅದಕ್ಕೆ ಪ್ರತಿಯಾಗಿ ಕಾಲೇಜಿನ ಕೆಲವು ಸೇವೆಗಳನ್ನು ಸಲ್ಲಿಸುವ ಬಡ ವಿದ್ಯಾರ್ಥಿ. ಆ ವರ್ಗದ ಹೆಸರಿನಲ್ಲಿಯೇ ಸೇವಕತ್ವವಿದೆ. ನ್ಯೂಮನ್ನನು ಉದಾರವೆಂಬುದಕ್ಕೆ ಎದುರಾಗಿ ಇಟ್ಟ ಪದವೇ ಇಲ್ಲಿ ಮನುಷ್ಯರೂಪವನ್ನು ತಾಳಿ ದೋಣಿಯ ಬಳಿ ಬಂದು ನಿಂತಂತಾಗಿದೆ. ಹಾರ್ಡಿಗೆ ಬಲವುಂಟು, ಕುಶಲತೆಯುಂಟು; ನೀರಿನಲ್ಲಿ ಅಪಾಯಕ್ಕೆ ಸಿಲುಕಿದ ಟಾಮನನ್ನು ಕಾಪಾಡಿದವನೂ ಅವನೇ. ಆದರೂ ಇಮ್ಮಡಿ ಶುಲ್ಕವನ್ನು ತೆತ್ತು ವಿಶೇಷ ಮರ್ಯಾದೆಯನ್ನು ಪಡೆಯುವ ಶ್ರೀಮಂತರ ನಡುವೆ ಅವನು ಒಂಟಿ. ಪಂದ್ಯಗಳ ನಡುವೆ ತಂಡದಲ್ಲಿ ಒಂದು ಸ್ಥಾನವು ತೆರವಾದಾಗ ಅವನಿಗೆ ಕರೆ ಬರುವುದು. ಸೇಂಟ್ ಆಂಬ್ರೋಸಿನ ದೋಣಿಯು ಅಗ್ರಸ್ಥಾನವನ್ನು ಪಡೆಯುವುದು. ಕ್ರೀಡೆಯು ಅಂತಸ್ತಿನ ಗೋಡೆಯನ್ನು ಕೆಡಹಿತೆಂದು ಹ್ಯೂಸನು ಹಿಗ್ಗುವನು.

ಪಂಪನನ್ನು ಓದಿದವರು ಇಷ್ಟು ಬೇಗ ಹಿಗ್ಗಲಾರರು. ವಿಕ್ರಮಾರ್ಜುನ ವಿಜಯದಲ್ಲಿ ಅಸ್ತ್ರವಿದ್ಯಾಪ್ರದರ್ಶನದ ರಂಗಭೂಮಿಗೆ ಬಂದ ಕರ್ಣನಿಗೆ ಅಡ್ಡವಾದುದು ಕುಲದ ಪ್ರಶ್ನೆ. ದುರ್ಯೋಧನನು ಅಂಗರಾಜ್ಯವನ್ನು ಕೊಟ್ಟು ಅದನ್ನು ಪರಿಹರಿಸಿದನು. ಅದು ಔದಾರ್ಯವೇ, ಆದರೆ ಅರ್ಜುನನಿಗೆ ಎದುರಾಳಿಯೊಬ್ಬನು ಬೇಕೆಂಬುದೂ ಅದರ ಹಿಂದೆ ಇತ್ತು. ಕರ್ಣನು ಆ ಋಣವನ್ನು ಪ್ರಾಣದಿಂದ ತೀರಿಸಿದನು. ಹಾರ್ಡಿಗೂ ಬಾಗಿಲು ತೆರೆದದ್ದು ದೋಣಿಗೆ ಬಲವು ಬೇಕಾದಾಗಲೇ. ಗೆಲುವಿಗೆ ಬೇಕಾದವನನ್ನು ಒಳಕ್ಕೆ ಕರೆಯುವುದು ಬೇರೆ, ಆಟವು ಅವನದೂ ಹೌದೆಂದು ಒಪ್ಪುವುದು ಬೇರೆ. ಈ ಭೇದವು ಪಂಪನಿಗೆ ಗೊತ್ತು. ಹ್ಯೂಸನ ಕಾದಂಬರಿಗೆ ಪೂರ್ತಿಯಾಗಿ ಗೊತ್ತಿಲ್ಲ. ಆದರೆ ಹ್ಯೂಸನ ಬಾಳಿಗೆ ಅದು ಗೊತ್ತಿತ್ತೆನ್ನಬೇಕು. 1854ರಲ್ಲಿ ಲಂಡನ್ನಿನಲ್ಲಿ ಸ್ಥಾಪಿತವಾದ ಕೆಲಸಗಾರರ ಕಾಲೇಜಿನಲ್ಲಿ ಅವನು ದುಡಿಯುವ ಜನರಿಗೆ ಮುಷ್ಟಿಯುದ್ಧವನ್ನು ಕಲಿಸಿದನು. ಅಲ್ಲಿ ಗೆಲ್ಲಬೇಕಾದ ದೋಣಿ ಯಾವುದೂ ಇರಲಿಲ್ಲ.

ಮ್ಯಾಕ್ಸ್ ಬೀರ್‌ಬೋಮನ 'ಜುಲೇಕಾ ಡಾಬ್ಸನ್' 1911ರಲ್ಲಿ ಹೊರಬಿದ್ದಿತು. ಹ್ಯೂಸನು ಭಕ್ತಿಯಿಂದ ಕಂಡದ್ದನ್ನೆಲ್ಲ ಬೀರ್‌ಬೋಮನು ನಗೆಯಿಂದ ಕಂಡನು. ದೋಣಿಪಂದ್ಯಗಳ ವಾರದಲ್ಲಿ ಒಬ್ಬ ಸುಂದರಿಗಾಗಿ ಡಾರ್ಸೆಟ್ಟಿನ ಡ್ಯೂಕನು ನದಿಗೆ ಹಾರುವನು. ಅವನ ಹಿಂದೆ ವಿದ್ಯಾರ್ಥಿಸಮೂಹವೇ ಹಾರುವುದು. ಆ ರಾತ್ರಿ ಜೂಡಾಸ್ ಕಾಲೇಜಿನ ಭೋಜನಶಾಲೆಯಲ್ಲಿ ವಿದ್ಯಾರ್ಥಿಗಳಿಲ್ಲದ ಮೇಜುಗಳ ಮುಂದೆ ಅಧ್ಯಾಪಕರ ಊಟವು ಯಥಾಪ್ರಕಾರವಾಗಿ ಸಾಗುವುದು. ಇದನ್ನು ಬರಿಯ ವಿನೋದವೆಂದು ಓದುವವರುಂಟು. ಆದರೆ ವಿನೋದದ ಮೊನೆಯು ತಾಗುವುದು ಎಲ್ಲಿ? ಎಂಟು ದೇಹಗಳು ಒಂದೇ ಧ್ವನಿಗೆ ಬಾಗುವುದನ್ನು ಹ್ಯೂಸನು ಸದ್ಗುಣವೆಂದನು. ಅದೇ ಗುಣವು ವಿವೇಚನೆಯಿಲ್ಲದ ಅನುಕರಣವಾಗಿ ಸಾವಿನವರೆಗೂ ಒಯ್ಯಬಹುದೆಂದು ಬೀರ್‌ಬೋಮನು ತೋರಿಸಿದನು. ಮೂರು ವರ್ಷಗಳೊಳಗೆ, 1914ರಲ್ಲಿ, ಯುದ್ಧವು ಬಂದಿತು; ಆಕ್ಸ್‌ಫರ್ಡಿನ ಮೇಜುಗಳು ನಿಜವಾಗಿಯೇ ಬರಿದಾದುವು. ಗ್ರಂಥಕರ್ತನು ಭವಿಷ್ಯವನ್ನು ಕಂಡನೆಂದು ಹೇಳುವುದು ಅತಿಯಾದೀತು. ಆದರೆ ಆ ನಗೆಯನ್ನು 1918ರ ಅನಂತರ ಮೊದಲಿನಂತೆ ನಗಲಾಗುವುದಿಲ್ಲ. ಕೃತಿಯ ಕೊರತೆಯೆಂದರೆ, ಡ್ಯೂಕನನ್ನು ಚೆನ್ನಾಗಿ ಅಣಕಿಸಬಲ್ಲ ಬೀರ್‌ಬೋಮನು ಬಡ ವಿದ್ಯಾರ್ಥಿಯಾದ ನೋಕ್ಸನನ್ನೂ ಅದೇ ಹಗುರವಾದ ಕೈಯಿಂದ ಅಣಕಿಸಿದುದು. ಹಾರ್ಡಿಯ ಪ್ರಶ್ನೆಯು ಇಲ್ಲಿ ಕೇಳಿಸುವುದೇ ಇಲ್ಲ.

ಈ ಎರಡು ಕಾದಂಬರಿಗಳಲ್ಲಿಯೂ ಸ್ತ್ರೀಯರು ದಡದ ಮೇಲೆ ನಿಂತು ನೋಡತಕ್ಕವರು. ಡೊರೊತಿ ಸೇಯರ್ಸಳ 'ಗಾಡಿ ನೈಟ್' 1935ರಲ್ಲಿ ಬಂದುದರಿಂದ ಈ ಸ್ಥಿತಿಯು ಬದಲಾಯಿತು. ಆಕೆಯು ಸಾಮರ್ವಿಲ್ ಕಾಲೇಜಿನಲ್ಲಿ ಓದಿ, ಆಕ್ಸ್‌ಫರ್ಡು ಸ್ತ್ರೀಯರಿಗೆ ಮೊದಲು ಪದವಿಯನ್ನು ಕೊಟ್ಟ 1920ರಲ್ಲಿ ಪದವಿಯನ್ನು ಪಡೆದವಳು. ಕಾದಂಬರಿಯ ಮುನ್ನುಡಿಯಲ್ಲಿ ಆಕೆಯು ಬೇಲಿಯಲ್ ಕಾಲೇಜಿನ ಕ್ಷಮೆಯನ್ನು ಬೇಡುವಳು. ಏಕೆಂದರೆ ತಾನು ಕಲ್ಪಿಸಿದ ಸ್ತ್ರೀಯರ ಕಾಲೇಜನ್ನು ಆ ಕಾಲೇಜಿನ ಕ್ರಿಕೆಟ್ ಬಯಲಿನ ಮೇಲೆಯೇ ಕಟ್ಟಿರುವಳು. ಇದು ಸೌಜನ್ಯದ ಹಾಸ್ಯ. ಆದರೂ ವಿದ್ಯೆಗೆ ಎಡೆಯಿಲ್ಲದವರು ಎಡೆಯನ್ನು ಹುಡುಕುವಾಗ ಮೊದಲು ಕಣ್ಣಿಗೆ ಬೀಳುವುದು ಆಟಕ್ಕಾಗಿ ಬಿಟ್ಟ ವಿಶಾಲವಾದ ಹಸುರೆಂಬುದನ್ನು ಒಂದು ಪ್ರಬಂಧವೂ ಇಷ್ಟು ಸೂಕ್ಷ್ಮವಾಗಿ ಹೇಳಲಾರದು. ಇದೇ ಕಾದಂಬರಿಯಲ್ಲಿ ಚರ್ವೆಲ್ ಹೊಳೆಯ ಮೇಲೆ, ಉದ್ದವಾದ ಕೋಲಿನಿಂದ ತಳ್ಳಿ ನಡಸುವ ದೋಣಿಯಲ್ಲಿ, ಹ್ಯಾರಿಯಟ್ ವೇನ್ ಮತ್ತು ಪೀಟರ್ ವಿಮ್ಸೆ ಕಳೆಯುವ ಮಧ್ಯಾಹ್ನವೊಂದಿದೆ. ಅಲ್ಲಿ ಪಂದ್ಯವಿಲ್ಲ, ತುಪಾಕಿಯಿಲ್ಲ, ಮುಟ್ಟಬೇಕಾದ ದೋಣಿಯಿಲ್ಲ; ಅವನು ನಿದ್ದೆಹೋಗುವನು, ಆಕೆಯು ನೋಡುತ್ತ ಕುಳಿತಿರುವಳು. ಮೂರು ಕೃತಿಗಳಲ್ಲಿ ಬಿಡುವೆಂಬುದರ ಅತ್ಯಂತ ನಿಜವಾದ ಚಿತ್ರವು ಇದೇ. ಇಬ್ಬರು ಸಮಾನರು ಒಂದೇ ದೋಣಿಯಲ್ಲಿ ನಿರುದ್ದೇಶವಾಗಿ ಇರಬಹುದಾಯಿತು.

ಚರಿತ್ರೆಯು ಕಾದಂಬರಿಗಳಿಗಿಂತ ನಿಧಾನವಾಗಿ ನಡೆಯಿತು. ಆಕ್ಸ್‌ಫರ್ಡ್ ಕೇಂಬ್ರಿಜ್ಜುಗಳ ಸ್ತ್ರೀಯರ ಮೊದಲನೆಯ ದೋಣಿಪಂದ್ಯವು 1927ರಲ್ಲಿ ಐಸಿಸ್ ನದಿಯ ಮೇಲೆ ನಡೆಯಿತು. ಎರಡು ದೋಣಿಗಳನ್ನೂ ಒಟ್ಟಿಗೆ ಬಿಡದೆ, ಹುಟ್ಟು ಹಾಕುವ ರೀತಿಯ ಸೊಗಸನ್ನೂ ವೇಗವನ್ನೂ ನೋಡಿ ತೀರ್ಪನ್ನು ಕೊಟ್ಟರು. ಪುರುಷರು ಸ್ಪರ್ಧಿಸುವ ಲಂಡನ್ನಿನ ಹಾದಿಯಲ್ಲಿಯೇ, ಅದೇ ದಿನ, ಸ್ತ್ರೀಯರ ಪಂದ್ಯವೂ ನಡೆದುದು 2015ರಲ್ಲಿ. ಇನ್ನೊಂದು ಕಡೆ, 1954ರ ಮೇ 6ರಂದು ಇಫ್ಲಿ ರಸ್ತೆಯ ಬಯಲಿನಲ್ಲಿ ರಾಜರ್ ಬ್ಯಾನಿಸ್ಟರನು ಒಂದು ಮೈಲಿಯನ್ನು 3 ನಿಮಿಷ 59.4 ಸೆಕೆಂಡುಗಳಲ್ಲಿ ಓಡಿದನು. ಆಗ ಅವನು ಲಂಡನ್ನಿನಲ್ಲಿ ವೈದ್ಯಕೀಯ ವಿದ್ಯಾರ್ಥಿ; ಓಟವು ಅವನಿಗೆ ಜೀವನೋಪಾಯವಾಗಿರಲಿಲ್ಲ. ಕ್ರಿಸ್ ಬ್ರಾಷರ್ ಮತ್ತು ಕ್ರಿಸ್ ಚಾಟವೇ ಎಂಬ ಗೆಳೆಯರು ಸರದಿಯಂತೆ ಮುಂದೆ ಓಡಿ ಅವನಿಗೆ ವೇಗವನ್ನು ಒದಗಿಸಿದರು. ಲೋಕವು ಸ್ಮರಿಸುವುದು ಆ ನಿಮಿಷಗಳನ್ನು. ಆದರೆ ಅದೇ ಬ್ಯಾನಿಸ್ಟರನು ಆಕ್ಸ್‌ಫರ್ಡಿನ ಓಟಗಾರರ ಸಂಘಕ್ಕೆ ಅಧ್ಯಕ್ಷನಾಗಿದ್ದಾಗ ಆ ಬಯಲಿನಲ್ಲಿ ಹೊಸ ಓಟದ ಹಾದಿಯು ಆಗಬೇಕೆಂದು ಶ್ರಮಿಸಿದನು. ದಾಖಲೆಯು ಒಬ್ಬನದು, ಹಾದಿಯು ಎಲ್ಲರದು. ದಾಖಲೆಯನ್ನು ಬೇರೊಬ್ಬನು ಕೆಲವೇ ವಾರಗಳಲ್ಲಿ ಮುರಿದನು.

ಹೀಗೆ ನೋಡಿದರೆ ಈ ಮೂರು ಕಾದಂಬರಿಗಳು ಒಂದೇ ವಾದದ ಮೂರು ಘಟ್ಟಗಳು. ಆಟಕ್ಕೆ ಫಲದ ಹಂಗಿಲ್ಲವೆಂದು ನ್ಯೂಮನ್ನನು ಹೇಳಿದುದನ್ನು ಹ್ಯೂಸನು ದೋಣಿಯಲ್ಲಿ ಕುಳಿತು ಸಾಬೀತುಮಾಡಿದನು, ದಡಕ್ಕೆ ಬಂದು ಮರೆತನು. ಬೀರ್‌ಬೋಮನು ಆ ಮರೆವನ್ನು ಅಣಕಿಸಿದನು. ಸೇಯರ್ಸಳು ಆಟದ ಬಯಲು ಯಾರದು ಎಂದು ಕೇಳಿ, ಬಿಡುವು ಹಂಚಿಕೊಂಡಾಗ ಮಾತ್ರ ಉದಾರವಾಗುವುದೆಂದು ತೋರಿಸಿದಳು. ವಿದ್ಯಾಪೀಠವೊಂದರ ಕ್ರೀಡಾಜೀವನದ ಬೆಲೆಯನ್ನು ಗೆದ್ದ ಪಾತ್ರೆಗಳ ಸಂಖ್ಯೆಯಿಂದ ಕಟ್ಟುವವರಿಗೆ ಈ ಗ್ರಂಥಗಳು ಬೇರೊಂದು ಅಳತೆಯನ್ನು ಒದಗಿಸುತ್ತವೆ: ಯಾವ ತಂಡಕ್ಕೂ ಬೇಡವಾದ ವಿದ್ಯಾರ್ಥಿಗೆ ಸಂಜೆಯ ಹೊತ್ತು ಒಂದು ಗಂಟೆಯ ಆಟವು ದೊರೆಯುವುದೇ? ಹಾರ್ಡಿಯು ಬಲಶಾಲಿಯಾಗಿಲ್ಲದಿದ್ದರೆ ಅವನಿಗೆ ಆ ದೋಣಿಯಲ್ಲಿ ಎಡೆಯಿರುತ್ತಿತ್ತೇ? ಹ್ಯೂಸನ ಕಾದಂಬರಿಯನ್ನು ಪಾಠಹೇಳುವವರು ವಿದ್ಯಾರ್ಥಿಗಳ ಮುಂದೆ ಇಡಬೇಕಾದ ಪ್ರಶ್ನೆಯು ಇದೇ. ಗ್ರಂಥಕರ್ತನು ಉತ್ತರಿಸದೆ ಬಿಟ್ಟಿರುವ ಪ್ರಶ್ನೆಯೂ ಇದೇ.