ಒಂಬತ್ತು ವರ್ಷ ತಡವಾಗಿ ಬಂದ 999

ನಮ್ಮ ನವಲಗುಂದದ ಕಡೆ ಡಾ. ರಾಜಕುಮಾರ್ ಎಂದರೆ ಮೊದಲು ನೆನಪಾಗುವುದು 'ಬಂಗಾರದ ಮನುಷ್ಯ'ನ ರಾಜೀವ. ಆದರೆ ಅವರಿಗೆ ಇನ್ನೊಂದು ವೇಷವೂ ಇತ್ತು, ಸಿಐಡಿ 999. 'ಜೇಡರ ಬಲೆ' ಮತ್ತು 'ಗೋವಾದಲ್ಲಿ ಸಿಐಡಿ 999' 1968ರಲ್ಲಿ, 'ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿಐಡಿ 999' 1969ರಲ್ಲಿ ಬಂದವು. ದೊರೈ-ಭಗವಾನ್ ಜೋಡಿಯ ಈ ಕಪ್ಪು-ಬಿಳುಪು ಚಿತ್ರಗಳಿಗೆ ಜೇಮ್ಸ್ ಬಾಂಡನೇ ಮಾದರಿ. ಆದರೂ ಅವುಗಳಲ್ಲಿ ಒಂದು ಹುಮ್ಮಸ್ಸಿತ್ತು. ಬೇಡರ ಕಣ್ಣಪ್ಪನಾಗಿ, ಮಹಾತ್ಮ ಕಬೀರನಾಗಿ ಕಂಡಿದ್ದ ನಟ ಸೂಟು ತೊಟ್ಟು ಪಿಸ್ತೂಲು ಹಿಡಿದಾಗ, ಕನ್ನಡವೇ ಹೊಸ ಅಂಗಿ ತೊಟ್ಟಂತೆ ಕಾಣುತ್ತಿತ್ತು.

ನಾಲ್ಕನೆಯದು, 'ಆಪರೇಷನ್ ಡೈಮಂಡ್ ರಾಕೆಟ್', ಬಂದದ್ದು 1978ರಲ್ಲಿ. ಬಣ್ಣ ಬಂತು, ನೇಪಾಳ ಬಂತು, ರಾಜಕುಮಾರರೇ ಹಾಡಿದ ಇಂಗ್ಲಿಷ್ ಹಾಡೂ ಬಂತು. ಆ ಹಾಡನ್ನು ಇಂದಿನ ಹುಡುಗರೂ ಗುನುಗುತ್ತಾರೆ. ಬಾರದೆ ಉಳಿದದ್ದು ನಡುವಿನ ಒಂಬತ್ತು ವರ್ಷ.

ಆ ವರ್ಷಗಳು ಸಣ್ಣವಲ್ಲ. ಇದೇ ನಿರ್ದೇಶಕರು ಇದೇ ನಟನಿಂದ 'ಕಸ್ತೂರಿ ನಿವಾಸ', 'ಎರಡು ಕನಸು' ಮಾಡಿಸಿದ್ದರು. ಮನುಷ್ಯನೊಬ್ಬ ಸೋಲುವುದನ್ನು, ಒಳಗೊಳಗೇ ನೋಯುವುದನ್ನು ಪ್ರೇಕ್ಷಕರಿಗೆ ಕಲಿಸಿದವರೇ ಅವರು. ನಟನಿಗೆ ಆಗ ನಲವತ್ತೊಂಬತ್ತು. 999ಗೆ ಮಾತ್ರ ಒಂದು ದಿನವೂ ಕಳೆದಿಲ್ಲ. ಅವನಿಗೆ ದಣಿವಿಲ್ಲ, ಅನುಮಾನವಿಲ್ಲ. 1983ರಲ್ಲಿ ಶಾನ್ ಕಾನರಿ ಬಾಂಡನಾಗಿ ಮರಳಿದಾಗ ಆ ಚಿತ್ರ ಅವನ ವಯಸ್ಸನ್ನೇ ಕಥೆಯ ಆರಂಭ ಮಾಡಿಕೊಂಡಿತು. ಅಷ್ಟು ಪ್ರಾಮಾಣಿಕತೆ ಇಲ್ಲಿ ಸಿಗುವುದಿಲ್ಲ.

ಇದಕ್ಕಿಂತ ದೊಡ್ಡ ಕೊರತೆ ಇನ್ನೊಂದು. ತುರ್ತು ಪರಿಸ್ಥಿತಿ ಮುಗಿದದ್ದು 1977ರ ಮಾರ್ಚ್‌ನಲ್ಲಿ. 'ಸಂಸ್ಕಾರ'ದಲ್ಲಿ ನಟಿಸಿದ ಸ್ನೇಹಲತಾ ರೆಡ್ಡಿ ಬೆಂಗಳೂರಿನ ಜೈಲಿನಲ್ಲಿ ನರಳಿ, ಹೊರಬಂದ ಕೆಲವೇ ದಿನಗಳಲ್ಲಿ, ಅದೇ ಜನವರಿಯಲ್ಲಿ ತೀರಿಕೊಂಡಿದ್ದರು. ಸರ್ಕಾರದ ಗುಪ್ತ ಕೈ ಏನು ಮಾಡಬಲ್ಲದು ಎಂದು ನಾಡು ಕಂಡಾಗಿತ್ತು. 1968ರ ಪತ್ತೇದಾರ ಪ್ರಶ್ನೆ ಕೇಳದಿದ್ದರೆ ಅದು ಮುಗ್ಧತೆ. 1978ರಲ್ಲೂ ಕೇಳದಿದ್ದರೆ ಅದು ಜಾಣ ಮೌನ. ಎರಡೇ ವರ್ಷದಲ್ಲಿ, 1980ರ ಜುಲೈ 21ರಂದು, ಮಲಪ್ರಭಾ ನೀರಾವರಿ ಕರದ ವಿರುದ್ಧ ಎದ್ದ ನರಗುಂದ-ನವಲಗುಂದದ ರೈತರ ಮೇಲೆ ಪೊಲೀಸರ ಗುಂಡು ಹಾರಿತು, ಜೀವ ಹೋಯಿತು. ಮುಂದಾಗುವುದನ್ನು ಚಿತ್ರ ಹೇಳಬೇಕಿತ್ತೆಂದಲ್ಲ. ಆದರೆ ಪಿಸ್ತೂಲು ಯಾರದು, ಯಾರ ಪರವಾಗಿ ಎಂಬ ಅಳುಕು ಒಂದು ದೃಶ್ಯದಲ್ಲಾದರೂ ಇರಬೇಕಿತ್ತು.

ಒಂದು ಋಣವನ್ನು ಮಾತ್ರ ಒಪ್ಪಲೇಬೇಕು. 999ನ ವೈರಿ ದುರಾಸೆ. ಚಿನ್ನ, ವಜ್ರ, ಕಳ್ಳಸಾಗಣೆ ಅದರ ರೂಪಗಳು. ಮುಂದೆ ಹಿಂದಿಯ ಗೂಢಚಾರ ಚಿತ್ರಗಳಲ್ಲಿ ವೈರಿಗೆ ಒಂದು ಗಡ್ಡ, ಒಂದು ಹೆಸರು, ಒಂದು ಧರ್ಮ ಬಂತು. ಅವನ್ನು ನೋಡುತ್ತ ಕೂತವನ ಪಕ್ಕದ ಕುರ್ಚಿ ಒಮ್ಮೆಲೇ ದೂರವಾಯಿತು. 999 ನೋಡುವಾಗ ಯಾವ ಹುಡುಗನಿಗೂ ಹಾಗೆ ಅನ್ನಿಸಿರಲಿಕ್ಕಿಲ್ಲ. ಅವನು ಎಲ್ಲರ ನಾಯಕನಾಗಿದ್ದ.

ಅದಕ್ಕೇ ಈ ಬೇಸರ. ನಮ್ಮೂರ ಹೆಣ್ಣುಮಕ್ಕಳು ಜಮಖಾನೆಯಲ್ಲಿ ಅದೇ ನವಿಲನ್ನು ತಲೆಮಾರುಗಳಿಂದ ನೇಯುತ್ತಾರೆ. ಆದರೆ ಪ್ರತಿ ಸಲವೂ ಎಳೆಯನ್ನು ಮೊದಲಿನಿಂದ ಎಣಿಸುತ್ತಾರೆ. 'ಡೈಮಂಡ್ ರಾಕೆಟ್' ಎಣಿಸಲಿಲ್ಲ, ಹಳೆಯ ನವಿಲಿಗೆ ಬಣ್ಣ ಬಳಿಯಿತು ಅಷ್ಟೆ.